ದೋಣಿಯ ಕಿವಿ ಎಲ್ಲಿರಬೇಕು?

ನೀರಿನ ಮೇಲೆ ತೇಲಬೇಕಾದ ದೋಣಿಯ ತಳಕ್ಕೆ ಅದರ ಒಡೆಯನೇ ಹಣ ತೆತ್ತು ತೂತು ಕೊರೆಯಿಸುತ್ತಾನೆಂದರೆ, ಕೇಳಿದವರು ಕುಳಿತ ಕೊಂಬೆಯನ್ನೇ ಕಡಿದುಕೊಂಡವನ ಕಥೆಯನ್ನು ನೆನೆದಾರು. ಆದರೆ ಇಂಥ ತೂತುಗಳು ಇಂದು ಲೋಕದ ಬಂದರುಗಳಲ್ಲೆಲ್ಲ ಬೀಳುತ್ತಿವೆ. ಸಾಮಾನ್ಯವಾಗಿ ಅದರ ಅಗಲ ಐದಾರು ಸೆಂಟಿಮೀಟರು. ಒಂದು ಕಾಫಿಯ ಲೋಟ ತೂರುವಷ್ಟು. ಅದರಲ್ಲಿ ಕೂಡಿಸುವ ಗಟ್ಟಿ ಬಿಲ್ಲೆಗೆ ಟ್ರಾನ್ಸ್‌ಡ್ಯೂಸರ್ ಎಂದು ಹೆಸರು. ಸೋನಾರ್ ಯಂತ್ರದ ಬಾಯಿಯೂ ಅದೇ, ಕಿವಿಯೂ ಅದೇ. ಮೇಲೆ ಚುಕ್ಕಾಣಿಯ ಬಳಿ ಬಣ್ಣಬಣ್ಣದ ಚಿತ್ರ ತೋರಿಸುವ ಪೆಟ್ಟಿಗೆ ಎಷ್ಟೇ ಬೆಲೆಯುಳ್ಳದ್ದಾಗಿರಲಿ, ಈ ಬಿಲ್ಲೆಗೆ ಕೇಳಿಸದ್ದನ್ನು ಅದು ತೋರಿಸಲಾರದು. ಬಿಲ್ಲೆಗೆ ಕೇಳಿಸುವುದೂ ಕೇಳಿಸದಿರುವುದೂ ಬಹುಮಟ್ಟಿಗೆ ಅದು ದೋಣಿಯ ಮೈಯಲ್ಲಿ ಎಲ್ಲಿ ಕುಳಿತಿದೆ ಎಂಬುದನ್ನು ಅವಲಂಬಿಸಿದೆ.

ಕರ್ನಾಟಕದ ಕರಾವಳಿಯಲ್ಲಿ ಈ ಪ್ರಶ್ನೆಗೆ ಒಂದು ಋತುವೇ ಇದೆ. ಜೂನ್ ೧ರಿಂದ ಜುಲೈ ೩೧ರವರೆಗೆ, ೬೧ ದಿನ, ಯಾಂತ್ರಿಕ ದೋಣಿಗಳು ಮೀನಿಗಾಗಿ ಕಡಲಿಗಿಳಿಯುವಂತಿಲ್ಲ. ಮಲ್ಪೆ, ಮಂಗಳೂರುಗಳಲ್ಲಿ ದೋಣಿಗಳು ಮಗ್ಗುಲಿಗೆ ಮಗ್ಗುಲು ತಾಗಿಸಿ ಮಳೆಯಲ್ಲಿ ತೊಯ್ಯುತ್ತ ನಿಲ್ಲುತ್ತವೆ. ದುರಸ್ತಿ ಬೇಕಾದವನ್ನು ದಡಕ್ಕೆಳೆದಾಗ, ವರ್ಷವಿಡೀ ನೀರಿನಲ್ಲಿ ಅಡಗಿದ್ದ ತಳ ಕಣ್ಣಿಗೆ ಬೀಳುತ್ತದೆ. ಬಿಲ್ಲೆಗೆ ತಾಣ ಗೊತ್ತುಮಾಡಲು ಅದೇ ಸಮಯ. ಆಗ ತಪ್ಪಿದರೆ, ಉಳಿದ ಹತ್ತು ತಿಂಗಳೂ ಡೀಸೆಲ್ ಸುಟ್ಟು ಅಲೆಯುವ ದೋಣಿ ಅರೆಕಿವುಡಾಗಿಯೇ ಅಲೆಯಬೇಕಾದೀತು.

ಬಿಲ್ಲೆಯ ಕೆಲಸ ಹೇಳುವುದಕ್ಕೆ ಸುಲಭ. ಅದರೊಳಗಿನ ಸೆರಾಮಿಕ್ ತುಂಡಿಗೆ ವಿದ್ಯುತ್ತು ತಾಕಿದಾಗ ಅದು ನಡುಗಿ, ಮನುಷ್ಯನ ಕಿವಿಗೆ ಎಟುಕದ ಏರುದನಿಯ ಕೂಗೊಂದನ್ನು ನೀರಿಗೆ ಬಿಡುತ್ತದೆ. ಮೀನುಗಾರರ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ಸೆಕೆಂಡಿಗೆ ೫೦ ಸಾವಿರ ಅಥವಾ ೨ ಲಕ್ಷ ಕಂಪನಗಳ ಕೂಗು. ಕೂಗಿದ ಮರುಕ್ಷಣವೇ ಅದು ಸುಮ್ಮನಾಗಿ ಕಿವಿಗೊಡುತ್ತದೆ. ತಳಕ್ಕೆ ತಾಗಿ ಮರಳಿದ ಪ್ರತಿಧ್ವನಿ ಅದೇ ತುಂಡನ್ನು ನಡುಗಿಸಿದಾಗ ಸಣ್ಣದೊಂದು ವಿದ್ಯುತ್ತು ಹುಟ್ಟುತ್ತದೆ. ಕಡಲ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು ೧೫೦೦ ಮೀಟರ್. ೩೦ ಮೀಟರ್ ಆಳದ ತಳಕ್ಕೆ ಹೋಗಿಬರುವ ೬೦ ಮೀಟರ್ ದಾರಿಗೆ ಒಂದು ಸೆಕೆಂಡಿನ ಇಪ್ಪತ್ತೈದನೆಯ ಒಂದು ಪಾಲು ಸಾಕು. ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟು, ಮಾರು ಮಾರಾಗಿ ಎಣಿಸುತ್ತಿದ್ದ ಕಾಲದಲ್ಲಿ ಒಂದು ಸಲ ಆಳ ತಿಳಿಯುವಷ್ಟರಲ್ಲಿ ಈ ಬಿಲ್ಲೆ ನೂರು ಸಲ ಕೂಗಿ ಕೇಳಿ ಮುಗಿಸಿರುತ್ತದೆ. ಆದರೂ ಆ ಹಳೆಯ ಗುಂಡಿಗೆ ಒಂದು ಗುಣವಿತ್ತು. ಅದನ್ನು ದೋಣಿಯ ಯಾವ ಮಗ್ಗುಲಿನಿಂದ ಇಳಿಬಿಟ್ಟರೂ ಅದರ ಮಾತು ಒಂದೇ. ಬಿಲ್ಲೆ ಹಾಗಲ್ಲ, ಒಂದೆಡೆ ಕೂಡಿಸಿದರೆ ಸತ್ಯವಂತ, ಮೂರಡಿ ಆಚೆ ಕೂಡಿಸಿದರೆ ಸುಳ್ಳುಗಾರ, ಇಲ್ಲವೇ ಮೂಗ.

ಹೀಗಾಗುವುದಕ್ಕೆ ಕಾರಣ ಗಾಳಿ. ನೀರಿನಲ್ಲಿ ಅಷ್ಟು ಚೆನ್ನಾಗಿ ಓಡುವ ಶಬ್ದಕ್ಕೆ ಗಾಳಿ ಎದುರಾಯಿತೆಂದರೆ ಗೋಡೆ ಎದುರಾದಂತೆ. ನೀರಿನಿಂದ ಗಾಳಿಗೆ ದಾಟಲು ಹೊರಟ ಶಬ್ದದ ಶಕ್ತಿಯಲ್ಲಿ ಸಾವಿರಕ್ಕೆ ಸುಮಾರು ೯೯೯ ಪಾಲು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಆದ್ದರಿಂದ ಬಿಲ್ಲೆಯ ಮುಖದ ಮುಂದೆ ಗುಳ್ಳೆಗಳ ತೆಳುವಾದ ತೆರೆಯೊಂದು ಹರಿದರೂ ಕೂಗು ಅಲ್ಲಿಯೇ ಅಡಗಿತು. ಪರದೆಯ ಮೇಲೆ ತಳದ ಗೀಟು ಮಾಯವಾಗುತ್ತದೆ. ಅಥವಾ ಗುಳ್ಳೆಗಳದೇ ಪ್ರತಿಧ್ವನಿ ಮೀನಿನ ಹಿಂಡಿನಂತೆ ಮೂಡಿ ಮೋಸಮಾಡುತ್ತದೆ.

ವಿಚಿತ್ರವೆಂದರೆ, ಇದೇ ಗಾಳಿ ಇಲ್ಲದಿದ್ದರೆ ಮೀನೂ ಕಾಣುತ್ತಿರಲಿಲ್ಲ. ಮೀನಿನ ಮಾಂಸ ಹೆಚ್ಚುಕಡಿಮೆ ನೀರಿನಂತೆಯೇ ಇರುವುದರಿಂದ ಶಬ್ದ ಅದನ್ನು ಅಷ್ಟಾಗಿ ಲೆಕ್ಕಿಸದೆ ದಾಟಿಹೋಗುತ್ತದೆ. ಬೂತಾಯಿಯಂಥ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲವೇ ಆ ಕೂಗಿಗೆ ಓಗೊಡುವುದು. ನಾರ್ವೆಯ ವಿಜ್ಞಾನಿ ಆಸ್ಕರ್ ಸುಂಡ್, ಕಾಡ್ ಮೀನಿನ ಹಿಂಡು ಪ್ರತಿಧ್ವನಿಯಾಗಿ ಕಾಗದದ ಮೇಲೆ ಮೂಡಿದ್ದನ್ನು ೧೯೩೫ರಲ್ಲಿ ಪ್ರಕಟಿಸಿದನು. ಜಪಾನಿನ ನಾಗಸಾಕಿ ಸೀಮೆಯಲ್ಲಿ ದೋಣಿಗಳ ವಿದ್ಯುತ್ ಕೆಲಸ ಮಾಡಿಕೊಂಡಿದ್ದ ಕಿಯೋತಾಕ ಫುರುನೊ ಎಂಬಾತನಿಗೆ ಅನುಭವಿಯಾದ ಬೆಸ್ತನೊಬ್ಬ, ಮೀನಿರುವೆಡೆ ನೀರಿನಲ್ಲಿ ಗುಳ್ಳೆ ಏಳುತ್ತದೆಂದು ಹೇಳಿದ್ದೇ ಮುಂದೆ ಮೀನುಶೋಧಕ ಯಂತ್ರದ ಹೊಳಹಾಯಿತೆಂದು ಆತನ ಸಂಸ್ಥೆಯ ಚರಿತ್ರೆ ಹೇಳುತ್ತದೆ. ೧೯೪೮ರಲ್ಲಿ ಆ ಯಂತ್ರ ಮಾರುಕಟ್ಟೆಗೆ ಬಂದಿತು. ಹೀಗೆ, ಆಳದಲ್ಲಿರುವ ಗಾಳಿ ಬೆಸ್ತನ ಭಾಗ್ಯ, ಬಿಲ್ಲೆಯ ಮುಂದಿರುವ ಗಾಳಿ ಅವನ ದುರದೃಷ್ಟ. ತಾಣ ಆರಿಸುವ ವಿದ್ಯೆಯೆಲ್ಲ ಈ ಎರಡನೆಯ ಗಾಳಿಯಿಂದ ತಪ್ಪಿಸಿಕೊಳ್ಳುವ ಉಪಾಯ.

ನಿಂತ ದೋಣಿಯ ಕೆಳಗೆ ಎಲ್ಲಿ ನೋಡಿದರೂ ನೀರು ನಿರ್ಮಲ. ದಕ್ಕೆಯಲ್ಲಿ ಕಟ್ಟಿದ ದೋಣಿಯಲ್ಲಿ ಯಂತ್ರ ಪರೀಕ್ಷಿಸಿ ತೃಪ್ತಿಪಟ್ಟವರು ಹೊರಕಡಲಿನಲ್ಲಿ ತಲೆ ಕೆರೆದುಕೊಳ್ಳುವುದು ಇದರಿಂದಲೇ. ದೋಣಿ ಓಡತೊಡಗಿದಾಗ ಮೂತಿಯು ಅಲೆಯನ್ನು ಸೀಳಿ ನೊರೆಯೆಬ್ಬಿಸುತ್ತದೆ; ಆ ನೊರೆ ಎರಡೂ ಮಗ್ಗುಲಿಗೆ ಸರಿದುಹೋಗುವುದಷ್ಟೇ ಅಲ್ಲ, ಒಂದು ಪಾಲು ತಳದ ಕೆಳಗೂ ಜಾರುತ್ತದೆ. ತಳದಲ್ಲಿ ಎದ್ದುನಿಂತ ಪಟ್ಟಿ, ಮೊಳೆಯ ತಲೆ, ಇಂಜಿನ್ನಿಗೆ ತಂಪು ನೀರು ಹೀರುವ ಕೊಳವೆಯ ಬಾಯಿ, ಒರಟಾದ ಬೆಸುಗೆ — ಇವುಗಳಲ್ಲಿ ಒಂದೊಂದೂ ತನ್ನ ಹಿಂದೆ ಸುಳಿಯ ಬಾಲವೊಂದನ್ನು ಎಳೆದುಕೊಂಡು ಹೋಗುತ್ತದೆ. ಹಿಂದಿನ ತುದಿಯಲ್ಲಿ ಪ್ರೊಪೆಲ್ಲರ್ ನೀರನ್ನು ಕಡೆಯುತ್ತದೆ. ಮೊಸರು ಕಡೆಯುವ ಮಡಕೆಯಲ್ಲಿ ಕಿವಿಯಿಟ್ಟು ಪಕ್ಕದ ಮನೆಯ ಮಾತು ಕೇಳಲು ಯಾರಿಂದಾದೀತು?

ಮುಂದೆ ನೊರೆ, ಹಿಂದೆ ಗದ್ದಲ. ನಡುವೆ ಎಲ್ಲಿಯೋ ಒಂದು ಶಾಂತ ಸ್ಥಳವಿದೆ. ಅದು ಎಲ್ಲಿ ಎಂಬುದು ದೋಣಿಯ ಜಾತಿಯನ್ನು ನೋಡಿ ಹೇಳಬೇಕಾದ ಮಾತು. ನೀರನ್ನು ತಳ್ಳಿಕೊಂಡು ನಿಧಾನವಾಗಿ ಸಾಗುವ, ಮೈತುಂಬಿದ ದೋಣಿಗೆ — ಟ್ರಾಲ್ ಬಲೆ ಎಳೆಯುವ ದೋಣಿಗಳು ಈ ಜಾತಿಯವು — ನೀರಿಗೆ ತಾಗುವ ಉದ್ದದಲ್ಲಿ ಮೂತಿಯಿಂದ ಸುಮಾರು ಮೂರರಲ್ಲೊಂದು ಪಾಲು ಹಿಂದೆ ಇರುವ ಜಾಗ ಒಳ್ಳೆಯದೆಂಬುದು ಬಲ್ಲವರ ಅಭಿಪ್ರಾಯ. ಇನ್ನೂ ಮುಂದೆ ಹೋದರೆ ಅಲೆಯ ಮೇಲೆ ಮೂತಿ ನೆಗೆದಾಗ ಬಿಲ್ಲೆ ಗಾಳಿಯನ್ನೇ ಕುಡಿದೀತು. ಹಿಂದೆ ಸರಿದರೆ ಇಂಜಿನ್ನಿನ ಸದ್ದು ಹತ್ತಿರವಾಗುತ್ತದೆ. ವೇಗದ ದೋಣಿಗಳ ರೀತಿ ಇದಕ್ಕೆ ತಿರುಗುಮುರುಗು. ಓಟ ಹೆಚ್ಚಿದಂತೆ ಅವು ಮೂತಿಯನ್ನು ನೀರಿನಿಂದ ಮೇಲೆತ್ತಿಬಿಡುವುದರಿಂದ, ಕೊನೆಯವರೆಗೂ ನೀರಿನಲ್ಲಿ ಉಳಿಯುವುದು ಹಿಂಭಾಗ ಮಾತ್ರ. ಅಲ್ಲಿ, ನಡುಗೆರೆಗೆ ಹತ್ತಿರವಾಗಿ, ತಳದ ಮೊದಲ ಪಟ್ಟಿಗಿಂತ ಒಳಬದಿಗೆ, ಪ್ರೊಪೆಲ್ಲರಿಗಿಂತ ಸಾಕಷ್ಟು ಮುಂದೆ ಬಿಲ್ಲೆ ಕೂರಬೇಕು. ಕೆಳಗೆ ಕತ್ತಿಯಂತೆ ಚಾಚಿದ ಕೀಲ್ ಇರುವ ಹಾಯಿದೋಣಿಯಾದರೆ ಬಿಲ್ಲೆ ಆ ಕೀಲಿನ ಮುಂದೆ ಇರಬೇಕು. ಮಗ್ಗುಲಲ್ಲಿದ್ದರೆ ದೋಣಿ ವಾಲಿದಾಗ ಕೀಲೇ ಅಡ್ಡಗೋಡೆಯಾಗುತ್ತದೆ.

ಈ ಸೂತ್ರಗಳೆಲ್ಲ ಅಂದಾಜಿಗೆ ಮಾತ್ರ. ಒಂದೇ ಕಾರ್ಖಾನೆಯಿಂದ ಹೊರಬಂದ ಎರಡು ದೋಣಿಗಳೂ ಹೇರು ತುಂಬಿದ ಮೇಲೆ ಒಂದೇ ರೀತಿ ತೇಲುವುದಿಲ್ಲ. ಅದಕ್ಕಾಗಿ ಕೊರೆಯುವ ಮೊದಲು ಮಾಡತಕ್ಕ ಕೆಲಸವೊಂದುಂಟು. ಅದಕ್ಕೆ ಬಿಡಿಗಾಸಿನ ಖರ್ಚಿಲ್ಲ. ಎಂದಿನ ಹೇರು, ಎಂದಿನ ಜನ, ಎಂದಿನ ವೇಗದಲ್ಲಿ ದೋಣಿಯನ್ನು ಓಡಿಸಿ, ಹಿಂಬದಿಯ ಹಲಗೆಯ ಮೇಲೆ ಬಗ್ಗಿ ತಳದಿಂದ ಹೊರಬರುವ ನೀರನ್ನು ಸುಮ್ಮನೆ ನೋಡುವುದು. ಕೆಲವೆಡೆ ಅದು ಹಾಲಿನಂತೆ ಬೆಳ್ಳಗಿರುತ್ತದೆ, ಕೆಲವೆಡೆ ಗಾಜಿನಂತೆ ನುಣ್ಣಗೆ ಜಾರುತ್ತದೆ. ಆ ಗಾಜಿನ ಪಟ್ಟಿ ಎಲ್ಲಿಂದ ಬರುತ್ತಿದೆಯೆಂದು ಗುರುತಿಸಿಕೊಂಡವನಿಗೆ ಅರ್ಧ ಉತ್ತರ ಸಿಕ್ಕಿದಂತೆ. ಈ ಕೆಲಸವನ್ನು ದೋಣಿ ದಡಕ್ಕೇರುವ ಮೊದಲೇ, ಮೇ ತಿಂಗಳಲ್ಲಿಯೇ ಮಾಡಿಟ್ಟುಕೊಳ್ಳಬೇಕೆಂಬುದನ್ನು ಬಹಳ ಜನ ಮರೆಯುತ್ತಾರೆ.

ಹೊರಗೆ ಇಂಜಿನ್ ತೂಗುಹಾಕಿದ ಸಣ್ಣ ಫೈಬರ್ ದೋಣಿಗೆ ತೂತಿನ ಗೊಡವೆಯೇ ಬೇಡ. ಹಿಂಬದಿಯ ಹಲಗೆಗೆ ತಗಡಿನ ತೋಳೊಂದನ್ನು ಬಿಗಿದು, ಬಿಲ್ಲೆಯ ಮುಖ ತಳಕ್ಕಿಂತ ಕೂದಲೆಳೆಯಷ್ಟು ಕೆಳಗೆ ಇಳಿಯುವಂತೆ ಮಾಡಿದರಾಯಿತು. ಆದರೆ ಯಾವ ಮಗ್ಗುಲಿಗೆ? ಹಿಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ತಿರುಗುವ ಪ್ರೊಪೆಲ್ಲರಿನ ಅಲಗು ಬಲಗಡೆ ಕೆಳಕ್ಕಿಳಿಯುತ್ತದೆ, ಎಡಗಡೆ ನೊರೆಯನ್ನು ಎತ್ತಿಕೊಂಡು ಮೇಲೇರುತ್ತದೆ. ಆದ್ದರಿಂದ ಬಿಲ್ಲೆಗೆ ಬಲಮಗ್ಗುಲೇ ಲೇಸು. ಪ್ರೊಪೆಲ್ಲರ್ ತಿರುವುಮುರುವಾಗಿ ತಿರುಗುವ ದೋಣಿಯಲ್ಲಿ ಎಡಮಗ್ಗುಲು. ಇದನ್ನು ವಾಸ್ತುಶಾಸ್ತ್ರದಂತೆ ಬಾಯಿಪಾಠ ಮಾಡದೆ, ಅಲಗು ಎತ್ತ ಇಳಿಯುತ್ತದೆಂದು ಒಮ್ಮೆ ಕಣ್ಣಿಂದ ನೋಡಿ ನಿಶ್ಚಯಿಸುವುದು ಜಾಣತನ.

ಗಟ್ಟಿ ಫೈಬರಿನ ತಳವಿದ್ದರೆ ಮೂರನೆಯ ದಾರಿಯೊಂದಿದೆ: ಬಿಲ್ಲೆಯನ್ನು ಒಳಗಡೆಯೇ ಅಂಟಿಸಿ, ತಳದ ಮೂಲಕವೇ ಕೂಗಿಸುವುದು. ಇದು ಹೊಸ ಯೋಚನೆಯೇನೂ ಅಲ್ಲ. ೧೯೧೨ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನಲ್ಲಿಯೂ ಮೂತಿಯ ಕಡೆಗೆ, ನೀರಿನ ಮಟ್ಟದ ಕೆಳಗೆ, ಎರಡೂ ಮಗ್ಗುಲ ಉಕ್ಕಿನ ತಗಡಿಗೆ ಒಳಗಿನಿಂದ ತಾಗಿಸಿದ ನೀರಿನ ತೊಟ್ಟಿಗಳಿದ್ದವು. ಅವುಗಳಲ್ಲಿ ಕೇಳುಗ ಯಂತ್ರಗಳನ್ನು ಮುಳುಗಿಸಿಟ್ಟು, ದೀಪದ ನಾವೆಗಳು ನೀರಿನಡಿ ಬಾರಿಸುತ್ತಿದ್ದ ಗಂಟೆಗಳನ್ನು ಆಲಿಸುತ್ತಿದ್ದರು. ತಗಡಿಗೂ ಕಿವಿಗೂ ನಡುವೆ ಗಾಳಿ ನುಸುಳಬಾರದೆಂಬುದು ಆಗಲೇ ತಿಳಿದಿತ್ತು. ಆದರೆ ಆ ಹಡಗಿಗೆ ಕಿವಿಯಿತ್ತೇ ಹೊರತು ಬಾಯಿ ಇರಲಿಲ್ಲ, ಹಿಮಗಡ್ಡೆಗೆ ಯಾರೂ ಗಂಟೆ ಕಟ್ಟಿರಲಿಲ್ಲ. ಆ ದುರಂತದಿಂದ ಎಚ್ಚೆತ್ತು ಹಿಮಗಡ್ಡೆಯನ್ನು ಪತ್ತೆಹಚ್ಚಲು ಹೊರಟ ಜರ್ಮನಿಯ ಅಲೆಕ್ಸಾಂಡರ್ ಬೆಮ್, ೧೯೧೩ರಲ್ಲಿ ಪ್ರತಿಧ್ವನಿಯಿಂದ ಆಳ ಅಳೆಯುವ ವಿಧಾನಕ್ಕೆ ಹಕ್ಕು ಪಡೆದನು. ೧೯೧೪ರ ಏಪ್ರಿಲಿನಲ್ಲಿ ಅಮೆರಿಕದ ರೆಜಿನಾಲ್ಡ್ ಫೆಸೆಂಡನ್ ನಿಜವಾದ ಹಿಮಗಡ್ಡೆಯೊಂದರ ಪ್ರತಿಧ್ವನಿಯನ್ನು ಸುಮಾರು ಎರಡು ಮೈಲಿ ದೂರದಿಂದ ಕೇಳಿಸಿದನು. ಬಾಯಿಯೂ ಕಿವಿಯೂ ಒಂದಾದದ್ದು ಹೀಗೆ.

ಒಳಗಂಟಿಸುವ ವಿಧಾನದಲ್ಲಿ ತೂತಿನ ಭಯವಿಲ್ಲ. ಬಿಲ್ಲೆಗೆ ಪಾಚಿ ಕಟ್ಟುವುದಿಲ್ಲ. ಮರಳಿನ ಮೇಲೆ ದೋಣಿ ಎಳೆದರೂ ಅದಕ್ಕೆ ಗಾಯವಾಗುವುದಿಲ್ಲ. ಆದರೆ ಹೋಗುವಾಗೊಮ್ಮೆ ಬರುವಾಗೊಮ್ಮೆ ತಳವು ಶಬ್ದದಿಂದ ಸುಂಕ ವಸೂಲುಮಾಡುತ್ತದೆ. ಮರದ ತಳವಂತೂ ಇದಕ್ಕೆ ಒಗ್ಗುವುದಿಲ್ಲ. ಎರಡು ಫೈಬರ್ ಹಾಳೆಗಳ ನಡುವೆ ನೊರೆಪದಾರ್ಥ ತುಂಬಿ ಹಗುರಮಾಡಿದ ತಳವೂ ಆಗದು. ಆ ನೊರೆಯೆಂದರೆ ಗಟ್ಟಿಯಾದ ಗುಳ್ಳೆಗಳೇ ತಾನೆ? ಅಂಟಿಸುವ ಮೊದಲು ಪರೀಕ್ಷಿಸಲು ಸರಳವಾದ ಉಪಾಯವಿದೆ. ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ, ಅದರೊಳಗೆ ಬಿಲ್ಲೆಯನ್ನಿಟ್ಟು, ತಳವನ್ನು ಒದ್ದೆಮಾಡಿ ಚೀಲವನ್ನು ಒತ್ತಿಹಿಡಿಯುವುದು. ಮೊದಲು ಬಿಲ್ಲೆಯನ್ನು ಹೊರಗೆ ನೀರಿನಲ್ಲಿ ನೇರವಾಗಿ ಇಳಿಬಿಟ್ಟಾಗ ಕಂಡ ಚಿತ್ರಕ್ಕೂ ಒಳಗಿನಿಂದ ಕಂಡ ಚಿತ್ರಕ್ಕೂ ಹೆಚ್ಚು ವ್ಯತ್ಯಾಸವಿಲ್ಲದಿದ್ದರೆ ಆ ಜಾಗ ಯೋಗ್ಯ. ವ್ಯತ್ಯಾಸ ಕಂಡರೆ ಚೀಲವನ್ನು ಒಂದು ಗೇಣು ಆಚೀಚೆ ಸರಿಸಿ ನೋಡಬೇಕು. ಅಂಟು ಸುರಿಯುವಾಗ ಅದರೊಳಗೆ ಒಂದು ಗುಳ್ಳೆ ಉಳಿದರೂ ಪಟ್ಟ ಶ್ರಮ ನೀರುಪಾಲು.

ಮರದ ಮತ್ತು ಉಕ್ಕಿನ ದೋಣಿಗಳಿಗೆ ತೂತು ಅನಿವಾರ್ಯ. ಇಲ್ಲಿ ಬಡಗಿ ಒಂದಕ್ಕೆರಡು ಬಾರಿ ಅಳೆಯಬೇಕು, ಅದೂ ಒಳಗಿನಿಂದ. ಹೊರಗೆ ಪ್ರಶಸ್ತವಾಗಿ ಕಂಡ ಜಾಗದ ಒಳಬದಿಯಲ್ಲಿ ಅಡ್ಡಪಕ್ಕೆಯೋ ಡೀಸೆಲ್ ತೊಟ್ಟಿಯೋ ಇರಬಹುದು. ಕೈ ಹೋಗದ ಜಾಗದಲ್ಲಿ ಕೊರೆದರೆ ಮುಂದೆ ಸೋರಿದಾಗ ನೋಡುವವರಾರು? ಮೊದಲು ಸಣ್ಣ ತೂತೊಂದನ್ನು ಕೊರೆದು, ಅದು ಹೊರಗೆ ಎಲ್ಲಿ ಹೊರಟಿತೆಂದು ಕಂಡ ಬಳಿಕವೇ ದೊಡ್ಡ ಕೊರೆಯುಳಿಯನ್ನು ಹಿಡಿಯತಕ್ಕದ್ದು. ಬಿಲ್ಲೆಯ ಲೋಹವೂ ದೋಣಿಯ ಮೈಗೆ ಹೊಂದಬೇಕು. ನೀರು ಕುಡಿದು ಉಬ್ಬುವ ಮರ ಪ್ಲಾಸ್ಟಿಕ್ ಕವಚವನ್ನು ಹಿಸುಕಿ ಬಿರುಕು ಬಿಡಿಸುತ್ತದೆ. ಅಲ್ಲಿ ಕಂಚೇ ಸರಿ. ಅದೇ ಕಂಚನ್ನು ಅಲ್ಯೂಮಿನಿಯಮ್ ದೋಣಿಗೆ ನೇರವಾಗಿ ತಾಗಿಸಿದರೆ, ಉಪ್ಪುನೀರಿನಲ್ಲಿ ಎರಡು ಲೋಹಗಳೂ ಸೇರಿ ಬ್ಯಾಟರಿಯಂತಾಗಿ ದೋಣಿಯ ಮೈಯೇ ಸವೆಯತೊಡಗುತ್ತದೆ. ಉಕ್ಕಿಗೂ ಕಂಚಿಗೂ ನಡುವೆ ಬೇರ್ಪಡಿಸುವ ಪದರ ಬೇಕು.

ಇನ್ನು ಓರೆಯ ಮಾತು. ದೋಣಿಯ ತಳ ಚಪ್ಪಟೆಯಲ್ಲ. ನಡುಗೆರೆಯಿಂದ ಎರಡೂ ಕಡೆ ಮೇಲಕ್ಕೇರುತ್ತದೆ. ಅಂಥ ಇಳಿಜಾರಿನಲ್ಲಿ ಬಿಲ್ಲೆಯನ್ನು ಹಾಗೆಯೇ ಕೂಡಿಸಿದರೆ ಅದು ನೇರ ಕೆಳಗೆ ಕೂಗದೆ ಪಕ್ಕಕ್ಕೆ ಕೂಗುತ್ತದೆ. ಆಗ ಪರದೆಯ ಮೇಲಿನ ಆಳ ನಿಜಕ್ಕಿಂತ ಹೆಚ್ಚಾಗಿ ಕಂಡೀತು, ಮೀನು ಇರುವ ಜಾಗವೂ ತಪ್ಪೀತು. ಅದಕ್ಕೆ ಇಳಿಜಾರಿನ ಕೋನಕ್ಕೆ ತಕ್ಕಂತೆ ಬೆಣೆಯಾಕಾರದ ದಿಮ್ಮಿಯನ್ನು ಹೊರಗೊಂದು ಒಳಗೊಂದು ಕೊಟ್ಟು ಬಿಲ್ಲೆಯ ಮುಖವನ್ನು ನೆಟ್ಟಗೆ ಕೆಳಗೆ ತಿರುಗಿಸುತ್ತಾರೆ. ಒಳಗಿನ ತುಂಡನ್ನೇ ೧೨ ಅಥವಾ ೨೦ ಡಿಗ್ರಿ ವಾಲಿಸಿ ತಯಾರಿಸಿದ ಬಿಲ್ಲೆಗಳೂ ಇವೆ. ಹೊರಗಿನ ದಿಮ್ಮಿಯನ್ನು ಮೀನಿನ ಮೈಯಂತೆ ನುಣ್ಣಗೆ ಉಜ್ಜದಿದ್ದರೆ ಅದೇ ಹೊಸ ಗುಳ್ಳೆಗಳ ತವರಾಗುತ್ತದೆ. ತಳಕ್ಕೆ ಅಂಟಿಕೊಂಡು ಹರಿಯುವ ಗುಳ್ಳೆಗಳ ಪದರಕ್ಕಿಂತ ಕೆಳಗೆ ಕಿವಿಯನ್ನು ಚಾಚುವುದು ದೊಡ್ಡ ಹಡಗುಗಳ ಉಪಾಯ. ೨೦೦೩ರ ನಾರ್ವೆಯ ಸಂಶೋಧನಾ ನೌಕೆ ಜಿ. ಓ. ಸಾರ್ಸ್‌ನಲ್ಲಿ ಬಿಲ್ಲೆಗಳನ್ನು ಹೊತ್ತು ತಳದಿಂದ ಕೆಳಗಿಳಿಯುವ ಕೀಲುಗಳೇ ಇವೆ. ಆ ಐಶ್ವರ್ಯವಿಲ್ಲದ ಉಕ್ಕಿನ ದೋಣಿಗೆ ತಳದಡಿ ಬೆಸೆದ ಸಣ್ಣ ಪೆಟ್ಟಿಗೆಯೊಂದು ಸಾಕು.

ಬಿಲ್ಲೆ ಕುಳಿತ ಮೇಲೆ ಅದರ ಮಾತಿಗೆ ಅರ್ಥ ಹಚ್ಚುವುದರಲ್ಲಿಯೂ ಎಚ್ಚರ ಬೇಕು. ಬಿಲ್ಲೆ ಹೇಳುವುದು ತನ್ನ ಮುಖದಿಂದ ಕೆಳಗಿನ ಆಳವನ್ನು. ನೀರಿನ ಮಟ್ಟದಿಂದಲ್ಲ, ದೋಣಿಯ ಅತಿ ಕೆಳಗಿನ ತುದಿಯಿಂದಲೂ ಅಲ್ಲ. ಒಂದು ದೋಣಿಯ ಬಿಲ್ಲೆ ನೀರಿನ ಮಟ್ಟಕ್ಕಿಂತ ೧ ಮೀಟರ್ ಕೆಳಗಿದೆ, ಹಿಂಬದಿಯ ಕೀಲು ೧.೮ ಮೀಟರ್ ಕೆಳಗಿದೆ ಎಂದಿಟ್ಟುಕೊಂಡರೆ, ಪರದೆಯ ಮೇಲೆ ೧ ಮೀಟರ್ ಎಂದು ಕಂಡಾಗ ಕೀಲಿನಡಿ ಉಳಿದ ನೀರು ೨೦ ಸೆಂಟಿಮೀಟರ್ ಮಾತ್ರ, ಎಂದರೆ ಒಂದು ಗೇಣಿಗೂ ಕಡಮೆ. ಈ ವ್ಯತ್ಯಾಸವನ್ನು ಯಂತ್ರಕ್ಕೆ ಮೊದಲೇ ತಿಳಿಸಿಡುವ ಅನುಕೂಲವಿದೆ. ತಿಳಿಸಿದ್ದಾರೋ ಇಲ್ಲವೋ ಎಂಬುದು ಚುಕ್ಕಾಣಿ ಹಿಡಿಯುವ ಪ್ರತಿಯೊಬ್ಬನಿಗೂ ಗೊತ್ತಿರಬೇಕು. ನದಿ ಕಡಲನ್ನು ಸೇರುವ ಅಳಿವೆಗಳಲ್ಲಿ ಮರಳುದಿಬ್ಬಗಳು ಮಳೆಯಿಂದ ಮಳೆಗೆ ಜಾಗ ಬದಲಿಸುತ್ತವೆ. ಅಲ್ಲಿ ತಳ ತಾಗಿ ನಿಂತ ದೋಣಿಯನ್ನು ಅಲೆ ಮಗುಚಿಹಾಕುವುದಕ್ಕೆ ಹೆಚ್ಚು ಹೊತ್ತು ಬೇಡ. ಅಲೆ ಒಡೆದು ನೀರೆಲ್ಲ ಬೆಳ್ಳಗಾದ ಆ ಸ್ಥಳದಲ್ಲಿ ಅತ್ಯುತ್ತಮ ತಾಣದ ಬಿಲ್ಲೆಗೂ ಉಸಿರು ಕಟ್ಟುತ್ತದೆಂಬುದನ್ನು ಮರೆಯಬಾರದು. ಅಳಿವೆಯ ಗುರುತುಗಳನ್ನು ಬಲ್ಲ ಹಿರಿಯ ತಾಂಡೇಲನಿಗೆ ಈ ಯಂತ್ರ ಜೊತೆಗಾರನಾದೀತೇ ಹೊರತು ಬದಲಿಯಾಗಲಾರದು.

ಬಿಲ್ಲೆಗೆ ಬಣ್ಣ ಬಳಿಯುವಾಗಲೂ ನೋಡಿ ಬಳಿಯಬೇಕು. ಚಿಪ್ಪುಜೀವಿಗಳು ಹತ್ತದಂತೆ ತಳಕ್ಕೆ ಬಳಿಯುವ ಕೆಲವು ಬಣ್ಣಗಳಲ್ಲಿನ ದ್ರಾವಕ ಬಿಲ್ಲೆಯ ಪ್ಲಾಸ್ಟಿಕ್ ಮುಖವನ್ನು ತಿಂದುಹಾಕುತ್ತದೆ. ಅದಕ್ಕೆ ನೀರಿನಲ್ಲಿ ಕಲಸಿದ ಬಣ್ಣವೇ ಆಗಬೇಕು. ಬಣ್ಣವೇ ಇಲ್ಲದಿದ್ದರೆ ಚಿಪ್ಪುಗಳು ಕಟ್ಟಿ ಕಿವಿಯಲ್ಲಿ ಗುಗ್ಗೆ ತುಂಬಿದಂತಾಗುತ್ತದೆ. ದೋಣಿಯನ್ನು ಮೇಲೆತ್ತುವ ಪಟ್ಟಿ ಎಲ್ಲಿ ಬೀಳಬಾರದೆಂದು ಮಗ್ಗುಲ ಮೇಲೆ ಗುರುತು ಹಾಕಿಡುವುದೂ ಒಳ್ಳೆಯದು.

ಆಗಸ್ಟ್ ಬಂದು ದೋಣಿ ಮತ್ತೆ ನೀರಿಗಿಳಿದೊಡನೆ ಮೊದಲು ನೋಡಬೇಕಾದದ್ದು ಪರದೆಯನ್ನಲ್ಲ, ತೂತನ್ನು. ಇಳಿಸಿದ ಕೂಡಲೇ ಒಮ್ಮೆ, ಎರಡು ಮೂರು ಗಂಟೆಗಳ ಬಳಿಕ ಇನ್ನೊಮ್ಮೆ. ಹನಿಹನಿಯಾಗಿ ಜಿನುಗುವ ನೀರು ಹಗಲಿನಲ್ಲಿ ಕಣ್ಣಿಗೆ ಬೀಳದಿದ್ದರೂ ರಾತ್ರಿ ಕಳೆಯುವಷ್ಟರಲ್ಲಿ ತಳದಲ್ಲಿ ಕೊಡಗಟ್ಟಲೆ ನಿಂತಿರಬಹುದು. ಆದ್ದರಿಂದ ಮೊದಲ ರಾತ್ರಿ ದೋಣಿಯನ್ನು ಒಂಟಿಯಾಗಿ ಬಿಟ್ಟುಹೋಗದೆ ಒಬ್ಬ ಅಲ್ಲಿ ಮಲಗುತ್ತಾನೆ. ಬೆಳಗ್ಗೆ ಎದ್ದು ಬಿಲ್ಲೆಯ ಸುತ್ತ ಬೆರಳು ಸವರಿ ನೋಡುತ್ತಾನೆ. ಬೆರಳು ಒಣಗಿಯೇ ಇದ್ದರೆ ಮಂಜುಗಡ್ಡೆಯನ್ನು ತುಂಬಿಸಲು ಹೇಳಬಹುದು.